ಚಂತಬುರಿ: ಗುರುವಾರ ಹೋಗಿ ಸೋಮವಾರ ಬರಬೇಕಾದ ಊರು

ಥಾಯ್ಲೆಂಡ್‌ಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಬ್ಯಾಂಕಾಕ್ ನೋಡಿ, ಪಟ್ಟಾಯಕ್ಕೆ ಹೋಗಿ, ಅಲ್ಲಿಂದಲೇ ಹಿಂದಿರುಗುತ್ತಾರೆ. ಅದೇ ದಿಕ್ಕಿನಲ್ಲಿ ಇನ್ನೆರಡೂವರೆ ತಾಸು ಮುಂದೆ ಹೋದರೆ ಚಂತಬುರಿ. ಬ್ಯಾಂಕಾಕ್‌ನಿಂದ 245 ಕಿ.ಮೀ. ಆಸುಪಾಸು. ರೈಲಿಲ್ಲ, ಊರಿಗೆ ವಿಮಾನವೂ ಇಲ್ಲ. ಸದ್ದುಗದ್ದಲವಿಲ್ಲದೆ ಉಳಿದದ್ದಕ್ಕೆ ಅರ್ಧ ಕಾರಣ ಅದೇ. ಹೆಸರು ನಮಗೆ ಹೊಸದಲ್ಲ, ಚಂದ್ರಪುರಿ. ಪ್ರಾಂತದ ಲಾಂಛನದಲ್ಲಿ ಚಂದ್ರನಿದ್ದಾನೆ, ಚಂದ್ರನೊಳಗೆ ಮೊಲವೂ ಇದೆ.

ಭೂಪಟದಲ್ಲಿ ಊರು ನಿಂತಿರುವುದು 12.6 ಡಿಗ್ರಿ ಉತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಪುತ್ತೂರು–ಮಡಿಕೇರಿಗಳ ನೇರಕ್ಕೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದೂ ನೈಋತ್ಯ ಮಾರುತದ್ದೇ. ರಬ್ಬರ್ ಇದೆ, ಕಾಳುಮೆಣಸು ಇದೆ, ಬೆಟ್ಟದ ಮೇಲೆ ಏಲಕ್ಕಿಯ ನೆಂಟ ಗಿಡಗಳಿವೆ. ದಕ್ಷಿಣ ಕನ್ನಡದಲ್ಲಿ ರಂಬೂಟಾನ್, ಮ್ಯಾಂಗೋಸ್ಟೀನ್ ನೆಟ್ಟವರಿಗೆ ಇಲ್ಲಿನ ತೋಟ ಪರಕೀಯ ಅನ್ನಿಸುವುದಿಲ್ಲ. ಅಡಿಕೆ ಇರಬೇಕಾದ ಜಾಗದಲ್ಲಿ ಡ್ಯೂರಿಯನ್ ನಿಂತಿದೆ, ಅಂದರೆ ಹಲಸಿನಂತೆ ಮುಳ್ಳುಸಿಪ್ಪೆಯ, ಜೋರು ವಾಸನೆಯ ಹಣ್ಣಿನ ಮರ, ಅಷ್ಟೆ.

ಈ ಪ್ರವಾಸ ಕೆಡುವುದು ಜಾಗಗಳ ಆಯ್ಕೆಯಲ್ಲಲ್ಲ, ದಿನಗಳ ಆಯ್ಕೆಯಲ್ಲಿ. ಹರಳಿನ ಸಂತೆ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಹೊಳೆದಂಡೆಯ ಹಳೇ ಬೀದಿಯ ಅಂಗಡಿಗಳು ಪೂರ್ತಿ ತೆರೆಯುವುದು ಶನಿವಾರ, ಭಾನುವಾರ. ತೋಟಗಳು ಆ ಎರಡು ದಿನ ತುಂಬಿ ತುಳುಕುತ್ತವೆ, ಆದ್ದರಿಂದ ಅವಕ್ಕೆ ವಾರದ ದಿನವೇ ಬೇಕು. ಸೋಮವಾರ ಬಂದು ಬುಧವಾರ ಹೋಗುವವರು ಮುಚ್ಚಿದ ಬಾಗಿಲುಗಳ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಋತುವಿನ ಲೆಕ್ಕವೂ ಹೀಗೇ. ಏಪ್ರಿಲ್‌ನಲ್ಲಿ ಡ್ಯೂರಿಯನ್ ಶುರು, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಡ್ಯೂರಿಯನ್, ಮ್ಯಾಂಗೋಸ್ಟೀನ್, ರಂಬೂಟಾನ್ ಮೂರೂ ಒಟ್ಟಿಗೆ ಸಿಗುತ್ತವೆ. ಜುಲೈ ಹೊತ್ತಿಗೆ ಲಾಂಗ್‌ಕಾಂಗ್ ಎಂಬ ಗೊಂಚಲು ಹಣ್ಣು ಉಳಿದಿರುತ್ತದೆ. ಖಾವ್ ಖಿಚ್ಚಕೂಟ್ ಬೆಟ್ಟದ ಬುದ್ಧಪಾದ ನೋಡಬೇಕೆಂದರೆ ಮಾತ್ರ ಲೆಕ್ಕ ತಲೆಕೆಳಗು: ಬೆಟ್ಟದ ದಾರಿ ತೆರೆಯುವುದು ವರ್ಷಕ್ಕೆ ಎರಡು ತಿಂಗಳು, ಮಾಘ ಪೂಜೆಯ ಹುಣ್ಣಿಮೆಯ ಹಿಂದೆಮುಂದೆ. ಹಣ್ಣು, ಬೆಟ್ಟ ಎರಡೂ ಒಂದೇ ಪ್ರವಾಸದಲ್ಲಿ ಸಿಗುವುದಿಲ್ಲ. ಇಲ್ಲಿ ಬರೆದಿರುವುದು ಹಣ್ಣಿನ ಕಾಲದ ಐದು ದಿನ.

ಹೊರಡುವ ಮುನ್ನ ಎರಡು ಕೆಲಸ. ಭಾರತೀಯರ ವೀಸಾ ನಿಯಮ ಆಗಾಗ ಬದಲಾಗುತ್ತದೆ; ಟಿಕೆಟ್ ಮಾಡಿಸುವ ವಾರವೇ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ಇಳಿಯುವ ದಿನಕ್ಕೆ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಮೊದಲ ದಿನ, ಗುರುವಾರ: ಬಸ್ಸು ಮತ್ತು ಖಾಲಿ ಬೀದಿ

ಬ್ಯಾಂಕಾಕ್‌ನ ಪೂರ್ವ ಬಸ್ ನಿಲ್ದಾಣ ಇರುವುದು ಎಕ್ಕಮೈಯಲ್ಲಿ, ಸ್ಕೈಟ್ರೇನಿನ ಎಕ್ಕಮೈ ಸ್ಟೇಷನ್ನಿನ ಬುಡದಲ್ಲೇ. ದೊಡ್ಡ ಬಸ್ಸಿಗೆ ನಾಲ್ಕು ತಾಸು ಹಿಡಿಯುತ್ತದೆ, ಟಿಕೆಟ್ 200ರಿಂದ 300 ಬಾತ್ ಒಳಗೆ. ಮಿನಿ ವ್ಯಾನ್ ಇನ್ನೂ ಬೇಗ ಮುಟ್ಟಿಸುತ್ತದೆ, ಆದರೆ ಸೂಟ್‌ಕೇಸ್ ಇಡಲು ಜಾಗವಿಲ್ಲ. ದೊಡ್ಡ ಪೆಟ್ಟಿಗೆಗೆ ಇನ್ನೊಂದು ಸೀಟಿನ ದುಡ್ಡು ಕೇಳುವುದೂ ಉಂಟು. ಬೆಳಿಗ್ಗೆ ಎಂಟರೊಳಗೆ ಹೊರಟರೆ ಊಟದ ಹೊತ್ತಿಗೆ ಊರು ಸೇರಬಹುದು. ಮಧ್ಯಾಹ್ನ ಹೊರಟವರು ಮಳೆಗೂ ಸಂಜೆಯ ಲಾರಿಗಳಿಗೂ ಸಿಕ್ಕಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಈ ರಸ್ತೆಯ ಅರ್ಧ ಲಾರಿಗಳಲ್ಲಿ ಇರುವುದು ಚೀನಾಕ್ಕೆ ಹೊರಟ ಡ್ಯೂರಿಯನ್.

ಕೋಣೆ ಹಿಡಿಯುವಾಗ ಹೊಳೆಯ ಪಶ್ಚಿಮ ದಂಡೆಯ ಹತ್ತಿರ ಹಿಡಿಯಿರಿ. ಸುಖಾಫಿಬಾನ್ ಬೀದಿ, ಶ್ರೀಚಾನ್ ಬೀದಿ, ಚರ್ಚು ಮೂರೂ ಅಲ್ಲಿಂದ ಕಾಲ್ನಡಿಗೆ. ಊರೊಳಗಿನ ಸವಾರಿಗೆ ಸಾಂಗ್‌ಥಾವ್ ಇದೆ, ಅಂದರೆ ಹಿಂದೆ ಎರಡು ಬೆಂಚು ಕೂರಿಸಿದ ಪಿಕಪ್. ಆ್ಯಪ್ ಟ್ಯಾಕ್ಸಿ ಬ್ಯಾಂಕಾಕ್‌ನಷ್ಟು ಕೈಗೆ ಸಿಗುವುದಿಲ್ಲ. ಸ್ಕೂಟರ್ ಬಾಡಿಗೆಗೆ ಹಿಡಿದರೆ ರಸ್ತೆಯ ಎಡಬದಿಯೇ ಎಂಬುದು ನಮಗೆ ಅನುಕೂಲ. ಆದರೆ ಅಂತರರಾಷ್ಟ್ರೀಯ ಪರವಾನಗಿಯಲ್ಲಿ ದ್ವಿಚಕ್ರದ ಮುದ್ರೆ ಇರಲೇಬೇಕು. ಕಾರಿನದೊಂದೇ ಇದ್ದರೆ ಪೊಲೀಸರ ದಂಡಕ್ಕಿಂತ ದೊಡ್ಡ ತಲೆನೋವು ವಿಮೆಯದು. ಬಿದ್ದು ಆಸ್ಪತ್ರೆ ಸೇರಿದರೆ ಕಂಪನಿ ಕೈ ಎತ್ತಿಬಿಡುತ್ತದೆ.

ಸಂಜೆ ಐದರ ಮೇಲೆ ಸುಖಾಫಿಬಾನ್ ಬೀದಿಗೆ ಹೋಗಿ. ಹೊಳೆಗೆ ಸಮಾನಾಂತರವಾಗಿ ಸುಮಾರು ಒಂದು ಕಿ.ಮೀ. ಉದ್ದ, ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಅಗಲ. ದಾರಿ ದೋಣಿಗಳದ್ದಾಗಿದ್ದ ಕಾಲದಲ್ಲಿ ಬೆಟ್ಟದ ಮಾಲು ಇಳಿಯುತ್ತಿದ್ದ ಜಾಗ ಇದು. ಚೀನೀಯರು, ವಿಯೆಟ್ನಾಮೀಯರು, ಥಾಯ್‌ಗಳು ಅಂಟಿಕೊಂಡಂತೆ ಮನೆ ಕಟ್ಟಿದರು: ಮುಂದೆ ಅಂಗಡಿ, ಹಿಂದೆ ನೇರ ನೀರು. ಮರದ ಬಾಗಿಲುಗಳು ಹಲಗೆ ಹಲಗೆಯಾಗಿ ಮಡಚಿಕೊಳ್ಳುತ್ತವೆ, ನಮ್ಮ ಹಳೇ ಪೇಟೆಯ ಅಂಗಡಿಗಳ ಹಾಗೆ. ಗುರುವಾರ ಇವುಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಅದಕ್ಕೇ ಈ ದಿನ. ತೆರೆದ ಅಂಗಡಿಯಿದ್ದರೆ ಕಣ್ಣು ತಿಂಡಿಯ ಮೇಲೆ ಹೋಗುತ್ತದೆ. ಮುಚ್ಚಿದ್ದರೆ ಬಾಗಿಲ ಮೇಲಿನ ಗಾಳಿಕಿಂಡಿಯ ಕೆತ್ತನೆ ಕಾಣುತ್ತದೆ. ಮರದ ಹಲಗೆಯನ್ನು ಗರಗಸದಲ್ಲಿ ಜಾಲರಿಯಂತೆ ಕೊರೆದದ್ದು, ಮನೆಗೊಂದು ನಮೂನೆ.

ಬೀದಿಯಲ್ಲಿ ಲುವಾಂಗ್ ರಾಚಮೈತ್ರಿ ಅವರ ಮನೆ ಈಗ ವಸತಿಗೃಹ. ಚಂತಬುರಿಗೆ ರಬ್ಬರ್ ತಂದವರು ಅವರು. ಊರವರು ಪಾಲು ಹಾಕಿ ದುರಸ್ತಿ ಮಾಡಿಸಿದ ಈ ಮನೆಗೆ 2015ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪುರಸ್ಕಾರಗಳಲ್ಲಿ ಒಂದು ಸಿಕ್ಕಿತು. ಕೋಣೆಗಳು ಬೆರಳೆಣಿಕೆಯವು, ವಾರಾಂತ್ಯಕ್ಕೆ ಬಹಳ ಮುಂಚೆ ಹೇಳಿಡಬೇಕು.

ಹೊಳೆಗೆ ತಾಗಿದ ಕೋಣೆ ಹಿಡಿಯುವವರಿಗೆ ಇನ್ನೊಂದು ಮಾತು. ಈ ಹೊಳೆ ಸೋಯ್ ದಾವ್ ಬೆಟ್ಟದಲ್ಲಿ ಹುಟ್ಟಿ ಸುಮಾರು 120 ಕಿ.ಮೀ. ಹರಿದು ಲೇಮ್ ಸಿಂಗ್‌ನಲ್ಲಿ ಸಮುದ್ರ ಸೇರುತ್ತದೆ. ದಾರಿ ಚಿಕ್ಕದು, ಮಳೆ ಜಾಸ್ತಿ, ನೀರು ಏರುವುದು ಗಂಟೆಗಳ ಲೆಕ್ಕದಲ್ಲಿ. 1999ರ ದೊಡ್ಡ ನೆರೆಯ ನಂತರ ಊರನ್ನು ಬಳಸಿ ಹೋಗುವ ಫಕ್ದಿ ರಾಂಫಾಯ್ ಕಾಲುವೆ ತೋಡಿದ ಮೇಲೆ ಅಪಾಯ ತಗ್ಗಿದೆ. ಆದರೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುವವರು ಮಹಡಿ ಕೋಣೆಯನ್ನೇ ಕೇಳುವುದು ಜಾಣತನ.

ಎರಡನೇ ದಿನ, ಶುಕ್ರವಾರ: ತೋಟ

ಥಾಯ್ಲೆಂಡ್‌ನಲ್ಲಿ ಅತಿ ಹೆಚ್ಚು ಡ್ಯೂರಿಯನ್ ಬೆಳೆಯುವ ಪ್ರಾಂತ ಇದು. ಪ್ರವಾಸಿಗರಿಗೆ ತೆರೆದ ತೋಟಗಳು ಊರಿನಿಂದ ಅರ್ಧ ಮುಕ್ಕಾಲು ತಾಸಿನ ದೂರದಲ್ಲಿವೆ. ತಲೆಗೆ ಕೆಲವು ನೂರು ಬಾತ್ ಕೊಟ್ಟರೆ ಕೂತಲ್ಲೇ ಹೊಟ್ಟೆ ತುಂಬ ತಿನ್ನಬಹುದು. ಹಿಂದಿನ ದಿನವೇ ಹೋಟೆಲಿನವರಿಂದ ಫೋನ್ ಮಾಡಿಸಿ ಎರಡು ಪ್ರಶ್ನೆ ಕೇಳಿಸಿ: ನಾಳೆ ಕೊಯ್ಲು ಇದೆಯೇ, ಯಾವ ತಳಿ ಹಣ್ಣಾಗಿದೆ. ಕೊಯ್ಲಿಲ್ಲದ ದಿನ ಹೋದರೆ ತಿನ್ನುವುದು ಮಾತ್ರ ಆಗುತ್ತದೆ, ನೋಡುವುದು ಆಗುವುದಿಲ್ಲ. ಬೆಳಿಗ್ಗೆ ಎಂಟಕ್ಕೇ ಅಲ್ಲಿರಿ. ಮಧ್ಯಾಹ್ನದ ಮಳೆ ಬಂದರೆ ಯಾರೂ ಮರ ಹತ್ತುವುದಿಲ್ಲ.

ಮರಗಳ ಬುಡ ಮೊದಲು ನೋಡಿ. ಪ್ರತಿ ಮರವೂ ಮಣ್ಣಿನ ದಿಬ್ಬದ ಮೇಲೆ ನಿಂತಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತರಾ ಎಂಬ ಸೂಕ್ಷ್ಮಜೀವಿ ಇಲ್ಲಿನ ಬೇರಿಗೂ ಕಾಂಡಕ್ಕೂ ಹತ್ತುತ್ತದೆ. ಬುಡದಲ್ಲಿ ನೀರು ನಿಂತರೆ ಹದಿನೈದು ವರ್ಷದ ಮರವೂ ಹೋಗುತ್ತದೆ. ಅಡಿಕೆ ತೋಟದವರಿಗೆ ಈ ಶತ್ರುವಿನ ಪರಿಚಯ ಬೇಡ. ಆಮೇಲೆ ತಲೆ ಎತ್ತಿ. ಕಾಂಡದಿಂದ ಕೊಂಬೆಗಳಿಗೆ ಬಣ್ಣಬಣ್ಣದ ನೈಲಾನ್ ಹಗ್ಗಗಳು, ಹಡಗಿನ ಪಟಸ್ತಂಭದ ಹಾಗೆ. ಒಂದೊಂದು ಹಣ್ಣು ಎರಡು ಮೂರು ಕಿಲೊ, ಕೊಂಬೆಗೆ ಹತ್ತಿದ್ದರೆ ಮೂವತ್ತು ಕಿಲೊ. ಬೇಸಿಗೆಯ ಒಂದು ಬಿರುಗಾಳಿ ಸಾಕು, ವರ್ಷದ ಫಸಲು ನೆಲದ ಮೇಲೆ. ಹೀಗೆ ಉದುರಿದ ಬಲಿಯದ ಕಾಯಿಗೆ ಬೆಲೆಯಿಲ್ಲ.

ಡ್ಯೂರಿಯನ್ ಹೂ ಅರಳುವುದು ಸಂಜೆಯ ಮೇಲೆ, ಪರಾಗಸ್ಪರ್ಶ ಮಾಡುವುದು ಬಾವಲಿ. ಬಾವಲಿಯನ್ನು ನೆಚ್ಚಿಕೊಳ್ಳದ ರೈತರು ರಾತ್ರಿ ಏಳೆಂಟಕ್ಕೆ ಹಣೆದೀಪ ಕಟ್ಟಿಕೊಂಡು, ಉದ್ದ ಕೋಲಿನ ತುದಿಯ ಬ್ರಷ್‌ನಿಂದ ತಾವೇ ಪರಾಗ ಸವರುತ್ತಾರೆ. ಕೈಯಿಂದ ಸವರಿದ್ದರ ಗುರುತು ಹಣ್ಣಿನ ಆಕಾರದಲ್ಲೇ ಇದೆ: ಐದು ಕೋಣೆಯೂ ಸಮ ತುಂಬಿ ದುಂಡಗಿರುತ್ತದೆ. ಪರಾಗ ಅರೆಬರೆ ಬಿದ್ದದ್ದು ಒಂದು ಪಕ್ಕ ಸೊಟ್ಟಗೆ ಬೆಳೆಯುತ್ತದೆ. ಸೊಟ್ಟ ಕಡೆಯಲ್ಲಿ ತೊಳೆಯಿಲ್ಲ, ಬರೀ ಸಿಪ್ಪೆ.

ಕೊಯ್ಲಿಗೆ ಇಬ್ಬರು ಬೇಕು. ಮೇಲಿನವನು ಹಣ್ಣಿನ ತೊಟ್ಟು ಹಿಡಿದು, ಚಾಕುವಿನ ಹಿಂಬದಿಯಿಂದ ಹಣ್ಣನ್ನು ತಟ್ಟಿ ಕಿವಿಗೊಡುತ್ತಾನೆ. ಬಲಿಯದ್ದು ‘ಟಕ್’ ಎಂದು ಗಟ್ಟಿ ಸದ್ದು ಕೊಡುತ್ತದೆ. ಬಲಿತದ್ದರಲ್ಲಿ ತೊಳೆ ಸಿಪ್ಪೆಯಿಂದ ಸ್ವಲ್ಪ ಬಿಟ್ಟುಕೊಂಡಿರುತ್ತದೆ, ಆ ಪೊಳ್ಳು ಸದ್ದಿನಲ್ಲಿ ಕೇಳುತ್ತದೆ. ಹಲಸನ್ನು ಬಡಿದು ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಯ್ದು ಕೈಬಿಟ್ಟ ಹಣ್ಣು ನೇರ ಕೆಳಗೆ ಬರುತ್ತದೆ. ಕೆಳಗಿನವನ ಕೈಯಲ್ಲಿ ಎರಡು ತುದಿ ಹಿಡಿದ ಗೋಣಿಚೀಲ. ಅವನು ಹಣ್ಣನ್ನು ಹಿಡಿಯುವುದಿಲ್ಲ. ಗೋಣಿ ತಾಗಿದ ಕ್ಷಣ ಸೊಂಟ ತಿರುಗಿಸಿ ಬೀಸಿ, ವೇಗವನ್ನೆಲ್ಲ ಪಕ್ಕಕ್ಕೆ ಎಳೆದು ನೆಲಕ್ಕೆ ಉರುಳಿಸುತ್ತಾನೆ. ಗೋಣಿಯನ್ನು ಬಿಗಿ ಹಿಡಿದರೆ ಮುಳ್ಳು ಚುಚ್ಚಿಕೊಂಡು ಹಣ್ಣು ಒಡೆಯುತ್ತದೆ, ಸಡಿಲ ಬಿಟ್ಟರೆ ಕಾಲಿನ ಮೇಲೆ. ನೋಡುವವರು ಮರದ ನೆರಳಿನಿಂದ ಹೊರಗೆ ನಿಲ್ಲಬೇಕು. ಇದು ಮರ್ಯಾದೆಯ ಪ್ರಶ್ನೆಯಲ್ಲ, ತಲೆಯ ಪ್ರಶ್ನೆ.

ಮಲೇಷ್ಯಾದಲ್ಲಿ ಹಣ್ಣು ತಾನಾಗಿ ಬೀಳುವವರೆಗೆ ಕಾಯುತ್ತಾರೆ, ಇಲ್ಲಿ ಕೊಯ್ಯುತ್ತಾರೆ. ಬಿದ್ದ ಹಣ್ಣಿಗೆ ಒಂದೆರಡು ದಿನದ ಆಯಸ್ಸು. ಕೊಯ್ದದ್ದು ಕಂಟೇನರಿನಲ್ಲಿ ಚೀನಾ ಮುಟ್ಟಬಲ್ಲದು. ತೊಂದರೆ ಶುರುವಾಗುವುದೂ ಇಲ್ಲಿಯೇ. ಮುಂಚೆ ಕೊಯ್ದರೆ ಮುಂಚೆ ಮಾರಬಹುದು ಎಂಬ ಆಸೆಗೆ ಬಲಿಯದ ಕಾಯಿಯೂ ಲಾರಿ ಹತ್ತುತ್ತದೆ. ಅದಕ್ಕೆ ಕಡಿವಾಣ ತೊಳೆಯ ಒಣತೂಕ: ತೊಳೆಯ ಚೂರನ್ನು ತೂಗಿ, ಮೈಕ್ರೋವೇವ್‌ನಲ್ಲಿ ಒಣಗಿಸಿ, ಮತ್ತೆ ತೂಗುತ್ತಾರೆ. ಮೋನ್‌ಥಾಂಗ್ ತಳಿಗೆ ಕನಿಷ್ಠ ಶೇ 32, ಚನೀಗೆ 30, ಕ್ರದುಮ್‌ಗೆ 27 ಉಳಿಯಬೇಕು. 2025ರ ಜನವರಿಯಿಂದ ಚೀನಾ ಪ್ರತಿ ಲೋಡಿಗೂ ಕ್ಯಾಡ್ಮಿಯಂ ಎಂಬ ವಿಷಲೋಹದ ಮತ್ತು ಬೇಸಿಕ್ ಯೆಲ್ಲೊ 2 ಎಂಬ ಬಣ್ಣದ ಪರೀಕ್ಷಾ ವರದಿ ಕೇಳತೊಡಗಿದೆ. ಸಿಪ್ಪೆ ಹೊಂಬಣ್ಣಕ್ಕೆ ಹೊಳೆಯಲಿ ಎಂದು ಅದ್ದುತ್ತಿದ್ದ ಬಣ್ಣ ಅದು. ಮಾರುಕಟ್ಟೆಯಲ್ಲಿ ಅರಿಶಿನ ಮೆತ್ತಿದಂತೆ ಥಳಥಳಿಸುವ ಹಣ್ಣು ಕಂಡರೆ ಪಕ್ಕದ ಮಾಸಲು ಹಸಿರಿನದನ್ನೇ ಎತ್ತಿಕೊಳ್ಳಿ.

ತಳಿಗಳಲ್ಲಿ ಹೊಸಬರಿಗೆ ಮೋನ್‌ಥಾಂಗ್ ಸರಿ. ಹೆಸರಿನ ಅರ್ಥ ಚಿನ್ನದ ದಿಂಬು. ತೊಳೆ ದಪ್ಪ, ಬೀಜ ಚಿಕ್ಕದು, ವಾಸನೆ ಹದ. ಚನೀ ವಾಸನೆಯಲ್ಲೂ ರುಚಿಯಲ್ಲೂ ಜೋರು. ಕಾನ್‌ಯಾವ್, ಅಂದರೆ ಉದ್ದ ತೊಟ್ಟಿನದು, ನಯದಲ್ಲಿ ಎಲ್ಲಕ್ಕೂ ಮೇಲು, ಬೆಲೆಯಲ್ಲೂ. ನಮ್ಮ ಅಭಿಪ್ರಾಯದಲ್ಲಿ ಮೊದಲ ಸಲ ತಿನ್ನುವವರು ಮಾಡುವ ತಪ್ಪು, ಪೂರ್ತಿ ಕಳಿತದ್ದನ್ನು ಕೇಳುವುದು. ಥಾಯ್‌ಗಳು ತಿನ್ನುವ ಹದವೇ ಬೇರೆ: ಹೊರಗೆ ಗರಿ, ಒಳಗೆ ಮೆದು. ಹೆಬ್ಬೆರಳಿನಿಂದ ಒತ್ತಿದರೆ ತೊಳೆಯ ಮೇಲ್ಮೈ ಒಣಗಿದ ಹಾಗಿದ್ದು, ಒಳಗೆ ಬೆಣ್ಣೆ ತಾಗಬೇಕು.

ಕೊಳ್ಳುವಾಗ ತೊಟ್ಟನ್ನು ನೋಡಿ. ಅದರ ನಡುವೆ ಉಬ್ಬಿದ ಗೆಣ್ಣು ಒಂದಿದೆ, ಬಲಿತಷ್ಟೂ ಅದು ದಪ್ಪ. ತೊಟ್ಟು ಗಟ್ಟಿಯಾಗಿ, ಒರಟಾಗಿ ಇರಲಿ. ಮುಳ್ಳಿನ ತುದಿ ಕಂದಾಗಿ, ಅಕ್ಕಪಕ್ಕದ ಎರಡು ಮುಳ್ಳು ಹಿಡಿದು ಒತ್ತಿದರೆ ತುಸು ಬಳುಕಬೇಕು. ಬೆಲೆ ಇಡೀ ಹಣ್ಣಿನ ತೂಕಕ್ಕೆ, ತಿನ್ನಲು ಸಿಗುವುದು ಅದರ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಮೂರು ಕಿಲೊ ಹಣ್ಣಿಗೆ ಒಂದು ಕಿಲೊ ತೊಳೆ ಬಂದರೆ ಲಾಭ. ಇಬ್ಬರೇ ಇದ್ದರೆ ಬಿಡಿಸಿಟ್ಟ ತೊಳೆಯ ಪೊಟ್ಟಣವೇ ಲೆಕ್ಕಕ್ಕೆ ಒಳ್ಳೆಯದು. ತೊಳೆಯೊಳಗೆ ಅಲ್ಲಲ್ಲಿ ಗಟ್ಟಿ, ಸಪ್ಪೆ ತುಣುಕು ಸಿಕ್ಕರೆ ಅಂಗಡಿಯವರ ಮೋಸವಲ್ಲ. ಹಣ್ಣು ಬಲಿಯುವ ಹೊತ್ತಿನಲ್ಲಿ ಮಳೆ ಬಂದು ಮರ ಹೊಸ ಚಿಗುರು ಒಡೆದರೆ ಆಹಾರ ಚಿಗುರಿಗೆ ಹೋಗಿಬಿಡುತ್ತದೆ.

ಮ್ಯಾಂಗೋಸ್ಟೀನ್ ನಮ್ಮ ಮುರುಗಲಿನ, ಉಪ್ಪಾಗೆಯ ಅಣ್ಣ. ಒಂದೇ ಗಾರ್ಸಿನಿಯಾ ಕುಲ. ಹಣ್ಣಿನ ಬುಡದಲ್ಲಿ ಚಿಕ್ಕ ಹೂವಿನಂಥ ಗುರುತಿದೆ, ಅದರ ಎಸಳು ಎಷ್ಟೋ ಒಳಗೆ ತೊಳೆ ಅಷ್ಟೇ. ಎಸಳು ಹೆಚ್ಚಿದ್ದರೆ ತೊಳೆ ಚಿಕ್ಕವು, ದೊಡ್ಡ ಬೀಜ ಸಿಗುವ ಸಂಭವ ಕಡಿಮೆ. ಸಿಪ್ಪೆ ಹೆಬ್ಬೆರಳಿಗೆ ಬಗ್ಗಬೇಕು. ಕಲ್ಲಿನಂತಿದ್ದರೆ ಎಲ್ಲೋ ಬಿದ್ದ ಹಣ್ಣು: ಮೊಳದೆತ್ತರದಿಂದ ಬಿದ್ದರೂ ಪೆಟ್ಟು ತಿಂದ ಸಿಪ್ಪೆ ಕಟ್ಟಿಗೆಯಾಗುತ್ತದೆ. ಅದಕ್ಕೇ ದೋಟಿಯ ತುದಿಗೆ ಬುಟ್ಟಿ ಕಟ್ಟಿ ಒಂದೊಂದಾಗಿ ಇಳಿಸುತ್ತಾರೆ. ಮಳೆಯ ಮರುದಿನದ ಹಣ್ಣಿನಲ್ಲಿ ಬಿಳಿ ತೊಳೆ ಗಾಜಿನಂತೆ ಪಾರದರ್ಶಕವಾಗಿ, ಕರುಕುರು ಎನ್ನುತ್ತದೆ; ಹಳದಿ ಮೇಣ ತೊಳೆಗೆ ಅಂಟಿದ್ದರೆ ಕಹಿ, ಆ ಭಾಗ ಬಿಡಿ. ಡ್ಯೂರಿಯನ್ ಉಷ್ಣ, ಮ್ಯಾಂಗೋಸ್ಟೀನ್ ತಂಪು ಎಂಬ ಲೆಕ್ಕ ಇಲ್ಲಿಯವರದು. ಡ್ಯೂರಿಯನ್ ತಿಂದ ದಿನ ಮದ್ಯ ಬೇಡ ಎನ್ನುತ್ತಾರೆ, ಕೇಳುವುದು ಒಳ್ಳೆಯದು.

ಮೂರನೇ ದಿನ, ಶನಿವಾರ: ಹರಳು, ಚರ್ಚು

ಶ್ರೀಚಾನ್ ಬೀದಿ ಮತ್ತು ಅದಕ್ಕೆ ಸೇರಿದ ಕ್ರಚಾಂಗ್ ಓಣಿಯಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಹರಳಿನ ಸಂತೆ. ಇಲ್ಲಿ ಸಂತೆಯ ರೀತಿ ಉಲ್ಟಾ. ಮೇಜು ಹಾಕಿ ಕೂತವನು ಮಾರುವವನಲ್ಲ, ಕೊಳ್ಳುವವನು. ದಿನದ ಬಾಡಿಗೆಗೆ ಮೇಜು ಹಿಡಿದು, ಏನು ಬೇಕೆಂದು ಚೀಟಿ ಬರೆದಿಟ್ಟುಕೊಂಡು ಕೂರುತ್ತಾನೆ. ದಲ್ಲಾಳಿಗಳು ಮಡಚಿದ ಬಿಳಿ ಕಾಗದದ ಪೊಟ್ಟಣ ಹಿಡಿದು ಮೇಜಿಂದ ಮೇಜಿಗೆ ಅಲೆಯುತ್ತಾರೆ. ಭಾರತದ ವ್ಯಾಪಾರಿಗಳೂ ಇಲ್ಲಿ ಬಹಳ. ಅವರಲ್ಲಿ ಜೈಪುರದವರ ಹಿಂದಿ ಕಿವಿಗೆ ಬಿದ್ದೇ ಬೀಳುತ್ತದೆ. ಮೇಜಿನ ಮೇಲಿನ ಹರಳಿನ ಫೋಟೊ ಕೇಳದೆ ತೆಗೆಯಬೇಡಿ, ವ್ಯವಹಾರ ನಡೆಯುವಾಗ ಹೆಗಲ ಮೇಲಿಂದ ಇಣುಕಬೇಡಿ.

ಊರ ಪಕ್ಕದ ಖಾವ್ ಫ್ಲೋಯ್ ವೇನ್ ಗುಡ್ಡದ ಸುತ್ತ ನೀಲ, ಪುಷ್ಯರಾಗ, ಕಪ್ಪು ನಕ್ಷತ್ರ ನೀಲ ಸಿಗುತ್ತಿದ್ದವು. ಈಗ ಗಣಿ ಹೆಚ್ಚುಕಡಿಮೆ ಬರಿದು. ಮೊಜಾಂಬಿಕ್, ಮಡಗಾಸ್ಕರ್, ಶ್ರೀಲಂಕಾದ ಕಚ್ಚಾ ಹರಳು ಇಲ್ಲಿಗೆ ಬರುತ್ತದೆ, ಏಕೆಂದರೆ ಕಲ್ಲು ಹೋದರೂ ಕೈಗುಣ ಉಳಿದಿದೆ. ಆ ಕೈಗುಣ ಬೆಂಕಿಯದು. ಮಂಕು ಹರಳನ್ನು ಕುಲುಮೆಯಲ್ಲಿ ಸಾವಿರದ ಆರುನೂರು, ಏಳುನೂರು ಡಿಗ್ರಿಗೆ ಕಾಯಿಸಿ, ಒಳಗಿನ ಮಬ್ಬು ಕರಗಿಸಿ, ಬಣ್ಣ ಬಿಡಿಸುವ ವಿದ್ಯೆಯಲ್ಲಿ ಚಂತಬುರಿಯವರಿಗೆ ಸರಿಸಾಟಿ ಕಡಿಮೆ.

ಬರೀ ಕಾಯಿಸಿದ್ದು ತಪ್ಪಲ್ಲ, ಲೋಕವೆಲ್ಲ ಒಪ್ಪಿದ ಪದ್ಧತಿ. ಎಚ್ಚರ ಬೇಕಾದದ್ದು ಎರಡು ಕಡೆ. ಒಂದು, ಬೆರಿಲಿಯಂ ಜೊತೆ ಕಾಯಿಸಿದ ಹಳದಿ, ಕಿತ್ತಳೆ ಹರಳು. ಈ ಉಪಾಯ 2001–02ರ ಸುಮಾರಿಗೆ ಇಲ್ಲಿಂದಲೇ ಹೊರಬಿದ್ದು ಪ್ರಯೋಗಾಲಯಗಳನ್ನೇ ದಿಕ್ಕುತಪ್ಪಿಸಿತ್ತು. ಭೂತಗಾಜಿನಲ್ಲಿ ಇದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಗುರುಬಲಕ್ಕೆ ಪುಷ್ಯರಾಗ ಕೊಳ್ಳುವವರಿಗೆ ಅಗ್ಗದಲ್ಲಿ ಸಿಗುವ ‘ಬ್ಯಾಂಕಾಕ್ ಪುಷ್ಯರಾಗ’ದ ಹಿಂದಿನ ಕಥೆ ಹೆಚ್ಚಿನ ಸಲ ಇಂಥದೇ ಸಂಸ್ಕರಣೆ. ಎರಡು, ಸೀಸದ ಗಾಜು ತುಂಬಿದ ಮಾಣಿಕ್ಯ. ಬಿರುಕಿನ ತುಂಬ ಗಾಜು, ತೂಕದ ತುಂಬ ಗಾಜು. ಹತ್ತು ಪಟ್ಟಿನ ಭೂತಗಾಜಿನಲ್ಲಿ ಹರಳನ್ನು ಓಲಾಡಿಸಿದರೆ ಒಳಗೆ ನೀಲಿ ಮಿಂಚು, ಚಪ್ಪಟೆ ಗುಳ್ಳೆಗಳು ಕಾಣುತ್ತವೆ. ಇಂಥದನ್ನು ಅಕ್ಕಸಾಲಿಗನ ಬೆಂಕಿಗೆ ಕೊಟ್ಟರೆ ಕೆಟ್ಟಿತು. ನಿಂಬೆರಸ ಕೂಡ ಆ ಗಾಜನ್ನು ತಿನ್ನುತ್ತದೆ. ಅಡುಗೆಮನೆಯಲ್ಲಿ ಉಂಗುರ ತೆಗೆಯದವರು ಯೋಚಿಸಿ. ಪ್ರಯೋಗಾಲಯದ ಪತ್ರವಿಲ್ಲದೆ ಕೊಳ್ಳುವುದಾದರೆ, ಕಳೆದುಹೋದರೂ ಚಿಂತೆಯಿಲ್ಲ ಅನ್ನುವಷ್ಟೇ ದುಡ್ಡು ಹಾಕಬೇಕು.

ಮಧ್ಯಾಹ್ನದ ಮೇಲೆ ನಿರಮೋನ್ ಕಾಲುಸೇತುವೆ ದಾಟಿ ಚರ್ಚಿಗೆ. ಹದಿನೆಂಟನೇ ಶತಮಾನದ ಆರಂಭದಲ್ಲಿ ವಿಯೆಟ್ನಾಂನಿಂದ ಕಿರುಕುಳ ತಪ್ಪಿಸಿಕೊಂಡು ಬಂದ ಕ್ರೈಸ್ತರು ಹೊಳೆಯ ಪೂರ್ವ ದಂಡೆಯಲ್ಲಿ ನೆಲೆ ನಿಂತರು. ಈಗಿನ ಕಟ್ಟಡ 1909ರದು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆ ಗುರಿಯಾಗದಿರಲಿ ಎಂದು ಗೋಪುರದ ಚೂಪು ಶಿಖರ ಇಳಿಸಿದ್ದರು. ನೂರು ತುಂಬಿದ 2009ರಲ್ಲಿ ಮತ್ತೆ ಏರಿಸಿದರು. ಒಳಗಿನ ಮೇರಿಯ ಪ್ರತಿಮೆಗೆ ಎರಡು ಲಕ್ಷಕ್ಕೂ ಹೆಚ್ಚು ಹರಳು ಕೂರಿಸಿದ್ದಾರೆ. ಬೆಳಿಗ್ಗೆ ನೋಡಿದ ಸಂತೆಯ ಹಿನ್ನೆಲೆಯಲ್ಲಿ ಅದು ಆಡಂಬರ ಅನ್ನಿಸುವುದಿಲ್ಲ. ಊರಿನ ಬೆಳೆಯನ್ನು ದೇವರಿಗೆ ಅರ್ಪಿಸಿದ ಹಾಗೆ ಕಾಣುತ್ತದೆ. ತೋಳಿಲ್ಲದ ಅಂಗಿ, ಚಡ್ಡಿ ಬೇಡ.

ಸಂಜೆ ಹೊಳೆಬೀದಿಗೆ ಮತ್ತೊಮ್ಮೆ ಹೋಗಿ. ಗುರುವಾರ ಮುಚ್ಚಿದ್ದ ಬಾಗಿಲೆಲ್ಲ ಈಗ ತೆರೆದಿವೆ. ಊರಿನ ಹೆಸರಾಂತ ತಿನಿಸು ‘ಸೇನ್ ಚಾನ್’, ಸುಲಭಕ್ಕೆ ಮುದ್ದೆಗಟ್ಟದ ಅಕ್ಕಿ ಶಾವಿಗೆ. ಪಾಡ್ ಥಾಯ್‌ಗೆ ಬಳಸುವ ಶಾವಿಗೆಗೆ ಆ ಹೆಸರು ಬಂದದ್ದು ಈ ಊರಿಂದ. ಇಲ್ಲಿ ಅದನ್ನು ಏಡಿಯ ಜೊತೆ ಹುರಿಯುತ್ತಾರೆ. ಮಾಂಸ ತಿನ್ನುವವರು ಮೂ ಚಮುವಾಂಗ್ ಬಿಡಬಾರದು: ಹುಳಿ ಎಲೆಯಲ್ಲಿ ನಿಧಾನಕ್ಕೆ ಬೇಯಿಸಿದ ಹಂದಿಮಾಂಸ. ಚಮುವಾಂಗ್ ಕೂಡ ಗಾರ್ಸಿನಿಯಾವೇ. ಕೊಡಗಿನ ಪಂದಿಕರಿಗೆ ಕಾಚಂಪುಳಿ, ಇಲ್ಲಿಯ ಹಂದಿಗೆ ಚಮುವಾಂಗ್. ಒಂದೇ ಕುಲದ ಹುಳಿ ಎರಡೂ ಕಡೆ ಒಂದೇ ಮಾಂಸಕ್ಕೆ ಜೊತೆಯಾಗಿದೆ.

ಸಸ್ಯಾಹಾರಿಗಳಿಗೆ ‘ತರಕಾರಿ ಮಾತ್ರ’ ಎಂಬ ಮಾತು ಸಾಲದು. ತರಕಾರಿಗೂ ಮೀನಿನ ಸಾಸ್ ಬೀಳುತ್ತದೆ, ಪಪ್ಪಾಯಿ ಸಲಾಡಿಗೆ ಒಣ ಸಿಗಡಿ. ‘ಕಿನ್ ಜೇ’ ಎನ್ನಿ. ಹಳದಿ ಬಟ್ಟೆಯ ಮೇಲೆ ಕೆಂಪು ‘ಜೇ’ ಅಕ್ಷರವಿರುವ ಅಂಗಡಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಇಂಥವು ಬೆಳಿಗ್ಗೆ ತೆರೆದು ಮಧ್ಯಾಹ್ನಕ್ಕೆ ಮುಗಿಸುವುದೇ ಹೆಚ್ಚು, ರಾತ್ರಿಯ ಊಟಕ್ಕೆ ‘ಮೈ ಸಾಯ್ ನಾಮ್ ಪ್ಲಾ’ (ಮೀನಿನ ಸಾಸ್ ಹಾಕಬೇಡಿ) ಎಂದು ಹೇಳಿ ಹುರಿದ ಅನ್ನ ಮಾಡಿಸಿಕೊಳ್ಳುವುದೇ ದಾರಿ.

ನಾಲ್ಕನೇ ದಿನ, ಭಾನುವಾರ: ಜಲಪಾತ, ಅಳಿವೆ

ಫ್ಲಿಯೂ ಜಲಪಾತ ಊರಿಂದ 14 ಕಿ.ಮೀ. ವಿದೇಶಿ ವಯಸ್ಕರಿಗೆ ಪ್ರವೇಶ 200 ಬಾತ್. ಭಾನುವಾರ ಒಂಬತ್ತರ ಮೇಲೆ ಜಾತ್ರೆ, ಬಾಗಿಲು ತೆರೆಯುವಾಗಲೇ ಹೋಗಿ. ತಿಳಿನೀರಿನ ಕೊಳದಲ್ಲಿ ಮೊಣಕೈ ಉದ್ದದ ಫ್ಲುವಾಂಗ್ ಮೀನುಗಳು ನೂರಾರು; ಕಾಲಿಗೆ ಒರಸಿಕೊಂಡೇ ಈಜುತ್ತವೆ. ಶೃಂಗೇರಿಯ ತುಂಗೆಯ ಮೀನು ನೆನಪಾಗದೆ ಇರುವುದಿಲ್ಲ, ವ್ಯತ್ಯಾಸ ಇಷ್ಟೆ, ಅಲ್ಲಿ ಮಂಡಕ್ಕಿ, ಇಲ್ಲಿ ಅಲಸಂದೆ ಕಾಯಿ. ಬಂಡೆಗಳು ಪಾಚಿಗಟ್ಟಿವೆ, ಚಪ್ಪಲಿಗಿಂತ ಪಟ್ಟಿಯಿರುವ ಸ್ಯಾಂಡಲ್ ಸರಿ. ದಂಡೆಯ ಮೇಲೆ 1876ರ ಸ್ತೂಪವೊಂದಿದೆ. ಪಕ್ಕದ ಕಲ್ಲಿನ ಪಿರಮಿಡ್ಡು ರಾಜ ಚುಲಲೊಂಗ್‌ಕಾರ್ನ್ ತನ್ನ ರಾಣಿ ಸುನಂದಾಳ ನೆನಪಿಗೆ ಕಟ್ಟಿಸಿದ್ದು. ಈ ಜಾಗವನ್ನು ಮೆಚ್ಚಿದ್ದ ಆಕೆ 1880ರ ಮೇ 31ರಂದು ದೋಣಿ ಮಗುಚಿ ಮುಳುಗಿದಳು.

ಅಲ್ಲಿಂದ ಲೇಮ್ ಸಿಂಗ್‌ಗೆ, ಹೊಳೆ ಸಮುದ್ರ ಸೇರುವಲ್ಲಿಗೆ. 1893ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಫ್ರೆಂಚರು ಚಂತಬುರಿಯನ್ನು ಹಿಡಿದಿಟ್ಟುಕೊಂಡಿದ್ದರು. ಅವರ ಕೆಂಪು ಕಟ್ಟಡ, ‘ಕೋಳಿಹಿಕ್ಕೆ ಜೈಲು’ ಎಂಬ ಚಿಕ್ಕ ಇಟ್ಟಿಗೆ ಗೋಪುರ ಉಳಿದಿವೆ. ಮೇಲೆ ಕೋಳಿ ಸಾಕಿ ಕೆಳಗೆ ಕೈದಿಗಳನ್ನು ಕೂಡಿಹಾಕುತ್ತಿದ್ದರೆಂದು ಹೇಳಿಕೆ. ಎರಡಕ್ಕೂ ಸೇರಿ ಅರ್ಧ ಗಂಟೆ ಸಾಕು. ಸ್ಕೂಟರ್ ಇದ್ದವರು ಕರಾವಳಿ ರಸ್ತೆ ಹಿಡಿದು ಕುಂಗ್ ಕ್ರಬೇನ್ ಕೊಲ್ಲಿಯ ಕಾಂಡ್ಲಾ ಕಾಡಿನ ಮರದ ಕಾಲುದಾರಿಯವರೆಗೆ ಹೋಗಬಹುದು. ಕಾರಿಲ್ಲದ, ಸ್ಕೂಟರ್ ಇಲ್ಲದವರು ಆ ಆಸೆ ಬಿಡಿ. ಲೇಮ್ ಸಿಂಗ್ ಸುತ್ತ ಜೇಕಿನ ಚಾಪೆ ನೇಯುವ ಊರುಗಳಿವೆ. ರಾಜ ಏಳನೇ ರಾಮನ ರಾಣಿ ರಾಂಫಾಯ್ ಬರ್ನಿ 1950ರ ನಂತರ ಚಂತಬುರಿಯಲ್ಲೇ ನೆಲಸಿ ಈ ಚಾಪೆಯನ್ನು ಚೀಲ, ಮೇಜುಹಾಸುಗಳಾಗಿ ಬೆಳೆಸಿದರು. ಮಡಚಿದರೆ ಸೀಳದ, ಅಂಚು ಬಟ್ಟೆಯಿಂದ ಹೊಲಿದ ಚಾಪೆ ನೋಡಿ ತೆಗೆದುಕೊಳ್ಳಿ. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬೆರಳಲ್ಲಿ ಉಜ್ಜಿ ನೋಡಲು ನಾಚಿಕೆ ಬೇಡ.

ಐದನೇ ದಿನ, ಸೋಮವಾರ: ಕಟ್ಟಿಕೊಂಡು ಹೊರಡುವುದು

ಬೆಳಗಿನ ಮಾರುಕಟ್ಟೆಯಲ್ಲಿ ಕಟ್ಟಿಕೊಳ್ಳಬಹುದಾದದ್ದು: ಡ್ಯೂರಿಯನ್ ಚಿಪ್ಸ್, ಹಲ್ವದಂತೆ ಕಾಯಿಸಿದ ಡ್ಯೂರಿಯನ್, ಒಣ ಸೇನ್ ಚಾನ್. ಹಸಿ ಡ್ಯೂರಿಯನ್ ಬಸ್ಸಿಗೂ ಹತ್ತುವುದಿಲ್ಲ, ಹೋಟೆಲಿಗೂ ಬರುವುದಿಲ್ಲ, ವಿಮಾನದ ಮಾತಂತೂ ದೂರ. ಗೆರೆ ಹೊಡೆದ ಡ್ಯೂರಿಯನ್ ಚಿತ್ರ ಬಾಗಿಲಲ್ಲೇ ಅಂಟಿಸಿರುತ್ತಾರೆ, ದಂಡವೂ ಇರುತ್ತದೆ. ಕಾಳುಮೆಣಸು ಒಳ್ಳೆಯದೇ, ಆದರೆ ಕರ್ನಾಟಕದವರು ಇಲ್ಲಿಂದ ಮೆಣಸು ಹೊತ್ತುಕೊಂಡು ಹೋಗುವುದಕ್ಕೆ ಬೇರೆ ಕಾರಣ ಬೇಕು.

ಮ್ಯಾಂಗೋಸ್ಟೀನ್ ಎರಡು ಕಿಲೊ ಕೊಂಡರೆ ಅರ್ಧ ಕಪ್ಪು-ನೇರಳೆ, ಅರ್ಧ ಕೆಂಪು ಆರಿಸಿ. ಕೆಂಪಿನವು ಎರಡು ದಿನದಲ್ಲಿ ಹದಕ್ಕೆ ಬರುತ್ತವೆ. ಭಾರತಕ್ಕೆ ಹಸಿ ಹಣ್ಣು ತರಲು ಸಸ್ಯ ಸಂಪರ್ಕತಡೆಯ ಕಾಗದಪತ್ರ ಬೇಕು, ಆ ಗೋಜು ಬೇಡ. ಬ್ಯಾಂಕಾಕ್‌ನಲ್ಲೇ ತಿಂದು ಮುಗಿಸಿ, ಆದರೆ ಪಾರ್ಕಿನ ಬೆಂಚಿನಲ್ಲಿ ಕೂತು ತಿನ್ನಿ. ಮುರುಗಲಿನ ಅಣ್ಣನಲ್ಲವೇ, ಸಿಪ್ಪೆಯ ರಸ ಹೋಟೆಲಿನ ಬಿಳಿ ಟವೆಲಿಗೆ ತಾಗಿದರೆ ಏನು ಮಾಡಿದರೂ ಹೋಗುವುದಿಲ್ಲ. ಟವೆಲಿನ ಬೆಲೆಯನ್ನು ಬಿಲ್ಲಿಗೆ ಸೇರಿಸುತ್ತಾರೆ.